ಮಾವನ ಹುಂಜವೂ ಅಳಿಯನ ಪಿಎಚ್‌ಡಿಯೂ

ಮನುಷ್ಯರಿಗೂ ಪ್ರಾಣಿಗಳಿಗೂ ಇರುವ ಸಂಬಂಧದ ಮೇಲೆ ಪಿಎಚ್‌ಡಿ ಮಾಡುತ್ತೇನೆಂದು ಚಿತ್ತರಂಜನ ಶೆಟ್ಟಿ ಹೇಳಿದಾಗ ಮಂಗಳೂರಿನ ಬಿಕರ್ನಕಟ್ಟೆಯ ಮನೆಯಲ್ಲಿ ಮೊದಲು ನಕ್ಕವರು ಅವನ ತಾಯಿ ಸುಂದರಿ. ನಗದೆ ಏನು ಮಾಡಿಯಾರು? ಬೆಕ್ಕು ಕಾಲಿಗೆ ಮೈಯುಜ್ಜಿದರೆ ಬೆಂಚು ಹತ್ತುವ ಮಗ. ಎದುರಿಗೆ ದನ ಬಂದರೆ ಹತ್ತಿರದ ಅಂಗಡಿಗೆ ನುಗ್ಗಿ ಬೇಡದ ಬೆಂಕಿಪೊಟ್ಟಣ ಕೊಂಡು ಬರುವ ಮಗ.

"ನಿನಗೆ ಬೇರೆ ಎಂತದೂ ಸಿಗ್ಲಿಲ್ವಾ ಮಾರಾಯ?"

"ಪ್ರಾಣಿಯನ್ನು ಮುಟ್ಲಿಕ್ಕೆ ಇಲ್ಲಮ್ಮ. ಜನರನ್ನು ಕೇಳ್ಲಿಕ್ಕೆ ಇರುವುದು. ಅದಕ್ಕೇ ಸಂಶೋಧನೆ ಅಂತ ಹೇಳುವುದು."

ಅದು ಎಪ್ಪತ್ತರ ದಶಕದ ಕೊನೆ. ಚಿತ್ತರಂಜನ ಕಾಲೇಜೊಂದರಲ್ಲಿ ಸಮಾಜಶಾಸ್ತ್ರದ ಮೇಷ್ಟ್ರು. ವರದಕ್ಷಿಣೆಯ ಬಗ್ಗೆ ಬರೆಯಬೇಕೆಂದಿದ್ದವನನ್ನು ತಡೆದವರು ಅವನ ಗೈಡ್. "ದೇಶದಲ್ಲಿ ಈಗ ವರದಕ್ಷಿಣೆಗಿಂತ ಅದರ ಥೀಸಿಸ್ಸೇ ಹೆಚ್ಚಾಗಿದೆ, ಬೇರೆ ಏನಾದರೂ ನೋಡಿ" ಎಂದಿದ್ದರು. ಹೊರದೇಶದಲ್ಲಿ ವಿದ್ವಾಂಸರು ಸಾಕುಪ್ರಾಣಿಗಳ ಕುರಿತು ದೊಡ್ಡ ದೊಡ್ಡ ಪ್ರಬಂಧ ಬರೆಯುತ್ತಿದ್ದಾರೆಂದು ಎಲ್ಲೋ ಓದಿದ ಚಿತ್ತರಂಜನ, ಹಿಂದೆಮುಂದೆ ನೋಡದೆ ಟೇಪ್ ರೆಕಾರ್ಡರ್ ಹೆಗಲಿಗೆ ಹಾಕಿಕೊಂಡ.

ಜನ ಅವನಿಗೆ ಧಾರಾಳವಾಗಿ ಮಾತು ಕೊಟ್ಟರು, ಅವನಿಗೆ ಬೇಕಾದ ಮಾತನ್ನಲ್ಲ. ನೆರೆಮನೆಯ ಎಸ್ತೆರ್ ಬಾಯಿ ಹಿತ್ತಲಲ್ಲಿ ಹಂದಿ ಸಾಕಿದ್ದರು. "ನಿಮಗೆ ಹಂದಿಯ ಮೇಲೆ ಪ್ರೀತಿ ಉಂಟಾ?" ಎಂದು ಇವನು ಗೋಡೆಯ ಈಚೆಯಿಂದ ಕೇಳಿದ.

"ತುಂಬಾ ಉಂಟು," ಎಂದರು ಎಸ್ತೆರ್ ಬಾಯಿ. "ಕ್ರಿಸ್ಮಸ್‌ವರೆಗೆ."

ನಿಜವಾದ ಪ್ರೀತಿ ಸಿಕ್ಕಿದ್ದು ಅವನ ಸೋದರಮಾವನಲ್ಲಿ. ಗುಣಪಾಲ ಶೆಟ್ಟರು ಅತ್ತಾವರದಲ್ಲಿ ಲಾಡ್ಜ್ ನಡೆಸುತ್ತಿದ್ದ ಗಟ್ಟಿ ಕುಳ. ಕೋಳಿ ಅಂಕವೆಂದರೆ ಜೀವ. ಅವರಲ್ಲಿ ಕೆಂಪು ಗರಿಯ ಒಂದು ಕಾಳಗದ ಹುಂಜವಿತ್ತು. ಅದಕ್ಕೆ ನೆನೆಸಿದ ಬಾದಾಮಿ, ಬಿಸಿನೀರಿನ ಸ್ನಾನ, ಸಂಜೆ ಕಾಲಿಗೆ ಎಣ್ಣೆ. ಮಾವ ಹುಂಜದ ಕಾಲು ತಿಕ್ಕುತ್ತಾ ಅದರ ಶೌರ್ಯವನ್ನು ಟೇಪ್ ರೆಕಾರ್ಡರಿಗೆ ವರ್ಣಿಸುತ್ತಿದ್ದರೆ, ಮೊಣಕಾಲು ನೋವಿನ ಉಮಾವತಿ ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಇದನ್ನೂ ಬರ್ಕೊ ಚಿತ್ತು," ಎಂದರು ಅತ್ತೆ. "ಮುಂದಿನ ಜನ್ಮದಲ್ಲಿ ನಾನು ಇವರ ಕೋಳಿಯಾಗಿ ಹುಟ್ತೇನೆ."

ಪಂಪ್‌ವೆಲ್‌ನ ಆಚೆಯ ಗದ್ದೆಯಲ್ಲಿ ಅಂಕ ನಡೆದ ದಿನ ಮಾವ ಅಳಿಯನ ಸ್ಕೂಟರಿನಲ್ಲೇ ಹೋದರು. ಸಂಶೋಧಕ ದೂರ ನಿಂತು ನೋಡಬೇಕು, ಕೈ ಹಾಕಬಾರದು ಎಂಬುದು ಚಿತ್ತರಂಜನನ ಶಾಸ್ತ್ರ. ಹಾಗಾಗಿ ಅವನು ಬದುವಿನ ಮೇಲೆ, ಕೋಳಿಗಳಿಂದ ಆದಷ್ಟು ದೂರದಲ್ಲಿ, ಸ್ಕೂಟರಿಗೆ ಒರಗಿ ನಿಂತ. ಎದುರಾಳಿ ನೋಣಯ್ಯ ಪೂಜಾರಿಯ ಬಿಳಿ ಹುಂಜ. ಕಾಲಿಗೆ ಬಾಳು ಎಂಬ ಚೂರಿ ಕಟ್ಟಿ ಬಿಟ್ಟದ್ದೇ ತಡ, ಬಿಳಿಯದು ಒಮ್ಮೆ ಹಾರಿತು. ಬಾದಾಮಿ ತಿಂದದ್ದು ರೆಕ್ಕೆ ಸೀಳಿಸಿಕೊಂಡು ಮಗ್ಗುಲಿಗೆ ಬಿತ್ತು. ಸೋತ ಹುಂಜ ಗೆದ್ದವನ ಪಾಲು, ಸಂಜೆಗೆ ಗೆದ್ದವನ ಮನೆಯಲ್ಲಿ ಸಾರು. ಅದು ಅಂಕದ ಕಟ್ಟಳೆ.

ಆ ಕಟ್ಟಳೆಯನ್ನು ಊರಿಗೆಲ್ಲ ಹೇಳಿಕೊಡುತ್ತಿದ್ದ ಗುಣಪಾಲ ಶೆಟ್ಟರು ಅಖಾಡಕ್ಕೆ ಹಾರಿ, ಹುಂಜವನ್ನು ಎದೆಗವಚಿಕೊಂಡು, ಪಂಚೆ ಎತ್ತಿ ಓಡಿದರು.

"ಸ್ಟಾರ್ಟ್ ಮಾಡು! ಸ್ಟಾರ್ಟ್ ಮಾಡು ಮಾರಾಯ!"

ಹಿಂದಿನಿಂದ ಇಡೀ ಗದ್ದೆ ಅಟ್ಟಿಸಿಕೊಂಡು ಬರುತ್ತಿತ್ತು. ಚಿತ್ತರಂಜನನ ಶಾಸ್ತ್ರ ಬದುವಿನ ಮೇಲೆಯೇ ಉಳಿಯಿತು, ಅವನು ಕಿಕ್ ಹೊಡೆದ. ಅತ್ತಾವರದವರೆಗೂ ಹುಂಜ ಇಬ್ಬರ ನಡುವೆ ಕೂತು, ಸಿಟ್ಟನ್ನೆಲ್ಲ ಸಂಶೋಧಕನ ಕುತ್ತಿಗೆಯ ಮೇಲೆ ಕುಕ್ಕಿ ಕುಕ್ಕಿ ತೀರಿಸಿಕೊಂಡಿತು. ಅವನ ಬಾಯಿಂದ ಹೊರಟ ಸದ್ದು ಯಾವ ಪ್ರಾಣಿಯದೆಂದು ದಾರಿಯಲ್ಲಿದ್ದವರಿಗೆ ತಿಳಿಯಲಿಲ್ಲ.

ಮನೆಯಲ್ಲಿ ಅತ್ತೆ ಅರಸಿನ ತಂದು ಗಾಯಕ್ಕೆ ಮೆತ್ತಿದರು. ಮೊದಲು ಹುಂಜಕ್ಕೆ, ಆಮೇಲೆ ಚಿತ್ತರಂಜನನಿಗೆ. ಕೊನೆಗೆ ಗಂಡನ ಕಡೆ ತಿರುಗಿದರು.

"ನನ್ನನ್ನು ಯಾರಾದ್ರೂ ಹಿಡ್ಕೊಂಡು ಹೋದ್ರೆ ಹೀಗೆ ಓಡ್ತಿದ್ರಾ?"

"ನಿನ್ನನ್ನು ಹಿಡ್ಕೊಂಡು ಹೋದವ ತಾನೇ ಓಡಿ ಬಂದು ವಾಪಸ್ ಬಿಡ್ತಾನೆ," ಎಂದರು ಮಾವ. ಆದರೆ ಧ್ವನಿಯಲ್ಲಿ ಗತ್ತಿರಲಿಲ್ಲ. ಕಣ್ಣು ತುಂಬಿತ್ತು. ಅತ್ತೆ ಅದನ್ನು ನೋಡಿಯೂ ನೋಡದವರಂತೆ ಒಳಗೆ ಹೋದರು.

ನೋಣಯ್ಯ ಪೂಜಾರಿಗೆ ಮಾವ ಬೇರೆ ಎರಡು ಹುಂಜ ಕಳಿಸಿ ಕ್ಷಮೆ ಕೇಳಿದರು. ಊರು ಮಾತ್ರ ಬಿಡಲಿಲ್ಲ. ಲಾಡ್ಜಿಗೆ ಬಂದವರೆಲ್ಲ "ಕೋಳಿಗೆ ರೂಮ್ ಉಂಟಾ ಶೆಟ್ರೇ?" ಎಂದು ಕೇಳತೊಡಗಿದರು. ಮಾವ ಮತ್ತೆ ಅಂಕದ ಕಡೆ ತಲೆಹಾಕಲಿಲ್ಲ.

"ಅದೊಂದು ಬರೀಬೇಡ ಚಿತ್ತು," ಎಂದರು.

"ಹೆಸರು ಹಾಕುವುದಿಲ್ಲ ಮಾವ."

"ಹೆಸರು ಎಂತಕ್ಕೆ? ಕೋಳಿ ಹಿಡ್ಕೊಂಡು ಓಡಿದ ಲಾಡ್ಜಿನವ ಮಂಗಳೂರಿನಲ್ಲಿ ಎಷ್ಟು ಜನ ಇದ್ದಾರೆ?"

ಚಿತ್ತರಂಜನ ತನ್ನ ಥೀಸಿಸ್ಸಿನ ಅತ್ಯುತ್ತಮ ಅಧ್ಯಾಯವನ್ನು ಹರಿದು ಹಾಕಿದ. ಬೇಜಾರಾಯಿತು. ಆದರೂ ಹರಿದ.

ಎಂಬತ್ತಮೂರರಲ್ಲಿ ಮೌಖಿಕ ಪರೀಕ್ಷೆಗೆ ಪುಣೆಯಿಂದ ಒಬ್ಬರು ಪ್ರೊಫೆಸರ್ ಬಂದರು. ಅಳಿಯ ಡಾಕ್ಟರಾಗುವುದನ್ನು ನೋಡಲು ಮಾವ ಕೋಟು ಹಾಕಿ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಪ್ರೊಫೆಸರು ಪುಟ ಮಗುಚಿ ಕೇಳಿದರು: "ಎಲ್ಲರೂ ಪ್ರೀತಿ ಎನ್ನುತ್ತಾರೆ. ಹಾಲು ಕೊಡುವ ದನ, ಮನೆ ಕಾಯುವ ನಾಯಿ. ಪ್ರಾಣಿಗಾಗಿ ಮಾನ ಕಳೆದುಕೊಂಡ ಒಬ್ಬನಾದರೂ ನಿಮಗೆ ಸಿಗಲಿಲ್ಲವೇ?"

ಇದ್ದಾನೆ ಎಂದು ಚಿತ್ತರಂಜನ ಹೇಳುವಂತಿಲ್ಲ, ಇಲ್ಲವೆಂದರೆ ಸುಳ್ಳು. ಮೇಜಿನ ಮೇಲಿದ್ದ ತನ್ನ ಪ್ರತಿಯಲ್ಲಿ ಇಲ್ಲದ ಪುಟ ಹುಡುಕತೊಡಗಿದ. ಹಿಂದೆ ಬೆಂಚು ಕಿರುಗುಟ್ಟಿತು.

"ಸಾರ್," ಎಂದು ಎದ್ದರು ಗುಣಪಾಲ ಶೆಟ್ಟರು. "ಅದು ನಾನು. ಇವ ನನ್ನ ಮರ್ಯಾದೆ ಉಳಿಸ್ಲಿಕ್ಕೆ ಬರೀಲಿಲ್ಲ. ಮರ್ಯಾದೆ ಗದ್ದೆಯಲ್ಲೇ ಹೋಗಿ ಆಗಿದೆ, ಈಗ ಬರ್ಕೊಳ್ಳಿ." ಹಾಗೆಂದು ಇಡೀ ಕಥೆಯನ್ನು, ಪಂಚೆ ಎತ್ತಿದ್ದನ್ನೂ ಬಿಡದೆ, ಹೇಳಿದರು.

ಪ್ರೊಫೆಸರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅದನ್ನೂ ಒಂದು ಅಧ್ಯಾಯವಾಗಿ ಸೇರಿಸಿಯೇ ಥೀಸಿಸ್ ಒಪ್ಪಿಸಬೇಕೆಂದರು. ಹುಂಜವನ್ನು ನೋಡಬೇಕೆಂದು ಹಟ ಹಿಡಿದು ಅತ್ತಾವರಕ್ಕೂ ಬಂದರು. ಉಮಾವತಿ ಅತ್ತೆ ಅವರಿಗೆ ಕೋರಿ ರೊಟ್ಟಿ ಬಡಿಸಿದರು. ಕೆಂಪು ಸಾರಿನಲ್ಲಿ ತೇಲುತ್ತಿದ್ದ ಕೋಳಿಯ ಕಾಲನ್ನು ಕಂಡು ಪ್ರೊಫೆಸರ ಕೈ ತಟ್ಟೆಯ ಮೇಲೆಯೇ ನಿಂತಿತು.

"ತಿನ್ನಿ ಸಾರ್, ಹೆದ್ರಬೇಡಿ," ಎಂದರು ಅತ್ತೆ. "ಇದು ಮಾರ್ಕೆಟಿನದ್ದು. ನಮ್ಮವರು ಒಳಗೆ ಮಲಗಿದ್ದಾರೆ."