ಮಡಿಯಲ್ಲಿ ನಿಂತು ಆಡಿಸಿದ ಆಟ

ದೆವ್ವ ಕಂಡಿತು, ಸತ್ತವರು ಕನಸಿನಲ್ಲಿ ಬಂದು ಹೇಳಿದರು, ಯಾರೋ ಹಿಂದಿನಿಂದ ಕರೆದ ಹಾಗಾಯಿತು ಎಂದು ಯಾರಾದರೂ ಮಾತು ತೆಗೆದರೆ, ಎದ್ದು ಒಳಗೆ ಹೋಗಿ ಕಾಫಿಗೆ ನೀರಿಡುತ್ತಿದ್ದವಳು ನಾನು. ಹೇಳುವವರ ಮುಖ ನೋಡಿಕೊಂಡು ನಗು ತಡೆಯುವುದು ನನ್ನ ಕೈಲಾಗುತ್ತಿರಲಿಲ್ಲ. ಅಂಥವಳೇ ಇವತ್ತು ಇದನ್ನು ಬರೆಯಲು ಕೂತಿದ್ದೇನೆ. ಮಧ್ಯದಲ್ಲಿ ನೀವು ಕಾಫಿಗೆಂದು ಎದ್ದು ಹೋದರೆ ಖಂಡಿತ ಬೇಜಾರು ಮಾಡಿಕೊಳ್ಳುವುದಿಲ್ಲ. ಇದರಲ್ಲಿ ಅಮಾವಾಸ್ಯೆ ಇಲ್ಲ, ಸ್ಮಶಾನ ಇಲ್ಲ. ಬೆಳಗಿನ ಹನ್ನೊಂದೂವರೆ ಗಂಟೆ, ಹೊರಗೆ ಮದ್ರಾಸಿನ ಬಿಸಿಲು, ನಡುಮನೆಯಲ್ಲೊಂದು ಕಂಪ್ಯೂಟರು, ಅದರ ಮುಂದೆ ಹೊಟ್ಟೆಕಿಚ್ಚಿನಿಂದ ಕುದಿಯುತ್ತಿದ್ದ ಒಬ್ಬ ಹೆಂಗಸು. ಆ ಹೆಂಗಸು ನಾನೇ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಆಗ ನಾವು ಪುರಸೈವಾಕ್ಕಂನಲ್ಲಿ, ಜವಳಿ ಅಂಗಡಿಗಳ ಹಿಂದಿನ ಬೀದಿಯೊಂದರಲ್ಲಿ, ಎಲ್ಲರೂ ಒಟ್ಟಿಗೇ ಇದ್ದೆವು. ಮಾವ ರೈಲ್ವೆಯಿಂದ ನಿವೃತ್ತರಾಗಿದ್ದರು. ನನ್ನ ಯಜಮಾನರು ವಿಮೆ ಆಫೀಸಿನಲ್ಲಿ, ಮೈದುನ ಬ್ಯಾಂಕಿನಲ್ಲಿ. ಅತ್ತೆ ಮದ್ರಾಸಿನಲ್ಲೇ ಹುಟ್ಟಿ ಬೆಳೆದ ಮಾಧ್ವರ ಮನೆಯ ಹೆಣ್ಣು, ಕನ್ನಡದಲ್ಲಿ ಶುರುಮಾಡಿದ ಮಾತನ್ನು ತಮಿಳಿನಲ್ಲಿ ಮುಗಿಸುವವರು. ನಾನು ಮೈಸೂರಿನಿಂದ ಬಂದ ಹಿರಿಯ ಸೊಸೆ. ಹದಿನಾಲ್ಕು ವರ್ಷವಾಗಿದ್ದರೂ ತರಕಾರಿಯವನ ಹತ್ತಿರ ಚೌಕಾಸಿ ಮಾಡುವಷ್ಟೇ ತಮಿಳು ನನಗೆ ಬರುತ್ತಿತ್ತು. ಎರಡು ವರ್ಷದ ಹಿಂದೆ ಮನೆ ತುಂಬಿದ ಓರಗಿತ್ತಿ ಪದ್ಮಜಾ ಮದ್ರಾಸಿನದೇ ಮಾಂಬಲದ ಹುಡುಗಿ. ಅತ್ತೆ ಅರ್ಧ ಮಾತು ಆಡಿದರೆ ಉಳಿದರ್ಧವನ್ನು ಅವಳೇ ಆಡುತ್ತಿದ್ದಳು. ನಾನು ಮೊದಲಿನಿಂದ ‘ಅತ್ತೆ’ ಎಂದೇ ಕರೆದವಳು. ಅವಳು ಬಂದ ವಾರಕ್ಕೇ ‘ಅಮ್ಮಾ’ ಎಂದಳು. ಅತ್ತೆಗೆ ಅವಳು ‘ಪದ್ದು’. ನಾನು ಹದಿನಾಲ್ಕು ವರ್ಷದಿಂದ ‘ಏನಮ್ಮಾ’.

ಕಂಪ್ಯೂಟರು ತಂದದ್ದು ಮೈದುನ. ಅದರ ಜೊತೆಗೆ ಎಲೆಕ್ಟ್ರಾನಿಕ್ ಅಂಗಡಿಗಳ ರಿಚಿ ಸ್ಟ್ರೀಟಿನಿಂದ ಆಟಗಳ ಒಂದು ಸಿ.ಡಿ.ಯನ್ನೂ ತಂದಿದ್ದ. ಅದರಲ್ಲಿ ಮಾಜಾಂಗ್ ಎಂಬ ಚೀನೀ ಆಟವಿತ್ತು. ಪರದೆಯ ಮೇಲೆ ಬಿಲ್ಲೆಗಳನ್ನು ಗೋಪುರದ ಹಾಗೆ ಪೇರಿಸಿಟ್ಟಿರುತ್ತದೆ. ಒಂದೇ ಗುರುತಿನ ಎರಡು ಬಿಲ್ಲೆ ಹುಡುಕಿ ಒತ್ತಿದರೆ ಎರಡೂ ಮಾಯ. ಮೇಲೆ ಇನ್ನೊಂದು ಕೂತಿದ್ದರೆ, ಇಲ್ಲವೇ ಎರಡು ಪಕ್ಕದಲ್ಲೂ ಇಕ್ಕಟ್ಟಾಗಿದ್ದರೆ ತೆಗೆಯುವ ಹಾಗಿಲ್ಲ. ಈ ಆಟದ ಹೊಸತನವೆಂದರೆ, ಗೆದ್ದಷ್ಟೂ ಒಂದು ತೋಟ ಬೆಳೆಯುತ್ತ ಹೋಗುತ್ತಿತ್ತು. ಮೊದಲು ಒಂದು ಕೊಳ, ಆಮೇಲೆ ಸೇತುವೆ, ಆಮೇಲೆ ದೀಪದ ಕಂಬ. ಒಮ್ಮೊಮ್ಮೆ ಬಿಲ್ಲೆಗಳು ತಾವಾಗಿಯೇ ಮಗುಚಿಕೊಂಡು ಬೆನ್ನು ತೋರಿಸುತ್ತಿದ್ದವು, ಎಲ್ಲಿ ಏನಿತ್ತೆಂದು ನೆನಪಿಟ್ಟುಕೊಳ್ಳಬೇಕಿತ್ತು.

ಅತ್ತೆಗೆ ಈ ಆಟದ ಹುಚ್ಚು ಹಿಡಿಯಿತು. ಆದರೆ ಅವರು ಆಡುತ್ತಿದ್ದ ರೀತಿ ಪ್ರಪಂಚದಲ್ಲಿ ಬೇರೆ ಯಾರೂ ಆಡಿರಲಿಕ್ಕಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಮಡಿ ಸೀರೆ ಉಟ್ಟು, ಅಡಿಗೆ ಮುಗಿಸಿಬಿಡುತ್ತಿದ್ದರು. ಮಾವನ ಪೂಜೆ ಮುಗಿದು ನೈವೇದ್ಯವಾಗುವ ತನಕ ಅವರಿಗೆ ಕೆಲಸವಿಲ್ಲ. ಮಡಿಯಲ್ಲಿ ಇರುವುದರಿಂದ ಏನನ್ನೂ ಮುಟ್ಟುವಂತೆಯೂ ಇಲ್ಲ. ಆ ಒಂದು ಗಂಟೆ ಅಡಿಗೆಮನೆಯ ಹೊಸ್ತಿಲ ಹತ್ತಿರ, ಕಂಪ್ಯೂಟರಿನ ಕುರ್ಚಿಯಿಂದ ಎರಡು ಮಾರು ದೂರದಲ್ಲಿ ನಿಂತು ಅವರು ಹೇಳುವುದು, ಪದ್ಮಜಾ ಮೌಸು ಹಿಡಿದು ಒತ್ತುವುದು. ಬಿಲ್ಲೆಗಳಿಗೆಲ್ಲ ಅತ್ತೆಯೇ ಹೆಸರಿಟ್ಟಿದ್ದರು. ಬಿದಿರು ಕಡ್ಡಿಗಳದ್ದು ನುಗ್ಗೆಕಾಯಿ, ದುಂಡಗಿನದು ಚಕ್ಕುಲಿ, ಕೆಂಪು ಚೀನೀ ಅಕ್ಷರ ಕಡಗೋಲು, ಹಕ್ಕಿ ಇದ್ದದ್ದು ಗರುಡ. “ನುಗ್ಗೇಕಾಯಿ ಐದು, ಬಲಗಡೆ ಮೇಲೆ” ಎನ್ನುವರು ಅತ್ತೆ. “ಸರಿ ಅಮ್ಮಾ” ಎನ್ನುವಳು ಅವಳು. ಆಮೇಲೆ ಇಬ್ಬರ ನಗು.

ಆ ಹೊತ್ತಿಗೆ ನಾನು ಎಲ್ಲಿರುತ್ತಿದ್ದೆ? ಹಿತ್ತಿಲಲ್ಲಿ ಮಕ್ಕಳ ಯೂನಿಫಾರಂ ಒಗೆಯುತ್ತ, ಗ್ಯಾಸಿನವನಿಗೆ ಬಾಗಿಲು ತೆಗೆಯುತ್ತ, ಸಂಜೆಗೆ ಹುರುಳಿಕಾಯಿ ಹೆಚ್ಚುತ್ತ. ಮೈಲಿಗೆಯ ಕೆಲಸವೆಲ್ಲ ನನ್ನ ಪಾಲು. ಆ ನಗು ಕಿವಿಗೆ ಬಿದ್ದಾಗೆಲ್ಲ ನನ್ನ ಮೈ ಉರಿಯುತ್ತಿತ್ತು. ಒಂದು ದಿನ ಹೀಗೇ ಪರದೆ ನೋಡಿದರೆ, ಆಟಗಾರರ ಹೆಸರಿನ ಜಾಗದಲ್ಲಿ ಇಂಗ್ಲಿಷಿನಲ್ಲಿ ‘ಅಮ್ಮ ಪದ್ದು’ ಎಂದಿತ್ತು. ಆಹಾ, ಎಂಥ ಜೋಡಿ! ಅವತ್ತು ರಾತ್ರಿಯ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ನನಗೆ ಆ ಆಟ ಬೇಕಿರಲಿಲ್ಲ. ಆ ನಗುವಿನಲ್ಲಿ ನನ್ನದೂ ಒಂದು ಪಾಲು ಬೇಕಿತ್ತು. ಕೇಳಿ ಪಡೆಯುವ ವಸ್ತುವೇ ಅದು?

ಅಷ್ಟರಲ್ಲಿ ಅತ್ತೆಯ ಬಲಗಣ್ಣಿಗೆ ಪೊರೆ ಬಂದಿದೆ, ತೆಗೆಸಬೇಕು ಎಂದಾಯಿತು. ಊರಾಚೆಯ ಪೋರೂರಿನ ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡಿದರು. ಅವತ್ತು ಬೆಳಿಗ್ಗೆ ನಾನು ಬೇಗ ಎದ್ದು, ಒಳ್ಳೆಯ ಸೀರೆ ಉಟ್ಟು, ಫ್ಲಾಸ್ಕಿಗೆ ಕಾಫಿ ತುಂಬಿಸಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಮೈದುನ ಟ್ಯಾಕ್ಸಿ ತಂದ. ಅತ್ತೆ ನನ್ನತ್ತ ನೋಡಲೂ ಇಲ್ಲ. “ಪದ್ದು ಬರ್ಲಿ, ಪೋದುಂ” ಎಂದರು. ಅವಳೊಬ್ಬಳು ಬಂದರೆ ಸಾಕಂತೆ. ಪದ್ಮಜಾ ನನ್ನ ಕೈಯಿಂದಲೇ ಫ್ಲಾಸ್ಕು ತೆಗೆದುಕೊಂಡು ಹತ್ತಿದಳು. ಟ್ಯಾಕ್ಸಿ ತಿರುವು ದಾಟುವ ತನಕ ಬಾಗಿಲಲ್ಲೇ ನಿಂತಿದ್ದು, ಒಳಗೆ ಬಂದು ಆ ಸೀರೆ ಬಿಚ್ಚಿ ಬಿಸಾಕಿದೆ.

ಮಕ್ಕಳು ಸ್ಕೂಲಿಗೆ, ಯಜಮಾನರು ಆಫೀಸಿಗೆ ಹೋದರು. ಮಾವ ಪೂಜೆ ಮುಗಿಸಿ ಮಠದಲ್ಲಿ ಪ್ರವಚನವಿದೆಯೆಂದು ಹೊರಟರು. ಮುಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಬಂದು ಕಂಪ್ಯೂಟರಿನ ಮುಂದೆ ಕೂತೆ. ಏನು ಮಾಡಬೇಕೆಂದು ಬೆಳಿಗ್ಗೆಯೇ ನಿಶ್ಚಯ ಮಾಡಿಕೊಂಡಿದ್ದೆ. ಆಟ ತೆರೆದೆ. ಅವರ ತೋಟ ಮುಗಿಯಲು ಬಂದಿತ್ತು, ಕೊನೆಯ ಬಾಗಿಲು ಒಂದೇ ಬಾಕಿ. ‘ಅಮ್ಮ ಪದ್ದು’ ಎಂಬ ಹೆಸರಿನ ಮೇಲೆ ಹೋಗಿ ತೆಗೆದುಹಾಕು ಎಂದು ಒತ್ತಿದೆ. ನಿಜವಾಗಿಯೂ ತೆಗೆಯಬೇಕೇ ಎಂದು ಅದು ಕೇಳಿತು. ಆ ಮನೆಯಲ್ಲಿ ನನ್ನನ್ನು ಅಷ್ಟು ಮರ್ಯಾದೆಯಿಂದ ಯಾರೂ ಏನನ್ನೂ ಕೇಳಿರಲಿಲ್ಲ. ಹೌದು ಎಂದೆ. ಕೊಳ, ಸೇತುವೆ, ದೀಪದ ಕಂಬ ಎಲ್ಲ ಒಂದೇ ಕ್ಷಣಕ್ಕೆ ಹೋದವು.

ಹೊಸ ಆಟಗಾರರ ಹೆಸರೇನು ಎಂದು ಪರದೆ ಕೇಳಿತು. ನನ್ನ ಹೆಸರು ಕೊಟ್ಟೆ. ಬಿಲ್ಲೆಗಳು ಬಂದು ಪೇರಿಸಿಕೊಂಡವು. ಆಗ ಮೌಸಿನಿಂದ ಕೈ ತೆಗೆದೆ. ಎಂಥ ಕೆಲಸ ಮಾಡಿದೆ, ಕಣ್ಣು ಕೊಯ್ಯಿಸಿಕೊಂಡು ಬರುವ ಮುದುಕಿಯ ಆಟ ಕಸಿದುಕೊಂಡೆನಲ್ಲ ಎನಿಸಿತು. ಎಲ್ಲ ಆರಿಸಿ ಎದ್ದುಬಿಡೋಣವೆಂದು ಕುರ್ಚಿ ಹಿಂದಕ್ಕೆ ತಳ್ಳಿದೆ. ಅಷ್ಟರಲ್ಲಿ ಬೆನ್ನ ಹಿಂದಿನಿಂದ, ಹೊಸ್ತಿಲ ಕಡೆಯಿಂದ, ಅತ್ತೆಯ ದನಿ ಬಂತು. ನನ್ನ ಹೆಸರು ಹಿಡಿದು ಕರೆದರು. ಆಮೇಲೆ, “ಕಿತ್ತು ಹಾಕಿದ್ದು ಸಾಕು. ಕೂತ್ಕೊಂಡು ಆಡು” ಎಂದರು.

ನೀವು ಕೇಳುತ್ತೀರಿ, ತಿರುಗಿ ನೋಡಲಿಲ್ಲವೇ ಎಂದು. ಮಡಿಯವರು ಇರುವ ಮನೆಯಲ್ಲಿ ಬಾಳ್ವೆ ಮಾಡಿದವರಿಗೆ ಮಾತ್ರ ಇದು ಅರ್ಥವಾಗುತ್ತದೆ. ಮಡಿಯಲ್ಲಿರುವವರು ಹಿಂದೆ ನಿಂತು ಮಾತಾಡಿದರೆ ನಾವು ಗಕ್ಕನೆ ತಿರುಗುವುದಿಲ್ಲ. ಸೆರಗು ತಾಗಿದರೆ ಅವರು ಮತ್ತೆ ಸ್ನಾನ ಮಾಡಬೇಕು. ಮದುವೆಯಾದ ಹೊಸತರಲ್ಲಿ ಎರಡು ಸಲ ಹಾಗೆ ತಿರುಗಿ ಬೈಸಿಕೊಂಡಿದ್ದೆ. ಆಮೇಲೆ ಹಿಂದಿನಿಂದ ಆ ದನಿ ಬಂದರೆ ಇದ್ದಲ್ಲೇ ಮೈ ಬಿಗಿಹಿಡಿದು, ಹೇಳಿದ್ದನ್ನು ಮಾಡುವುದು ಅಭ್ಯಾಸವಾಗಿತ್ತು. ಅತ್ತೆ ಪೋರೂರಿನಲ್ಲಿ ಇದ್ದಾರೆ ಎಂಬುದು ತಲೆಗೆ ಗೊತ್ತಿತ್ತು. ಮೈಗೆ ಗೊತ್ತಿರಲಿಲ್ಲ. “ಸರಿ ಅತ್ತೆ” ಎಂದು ಕೂತೆ.

“ನುಗ್ಗೇಕಾಯಿ ಮೂರು. ಎಡಗಡೆ ಮೇಲೊಂದು, ಕೆಳಗೆ ಮೂಲೇಲಿ ಒಂದು” ಎಂದಿತು ದನಿ. ಒತ್ತಿದೆ, ಹೋದವು. ಆಮೇಲೆ ಕಡಗೋಲು. ಆಮೇಲೆ ಚಕ್ಕುಲಿ. ಮಧ್ಯದಲ್ಲಿ ಬಿಲ್ಲೆಗಳು ಮಗುಚಿಕೊಂಡಾಗಲೂ ದನಿ ತಡವರಿಸಲಿಲ್ಲ, ಮುಚ್ಚಿದ್ದರ ಒಳಗೆ ಏನಿದೆಯೆಂದು ಹೇಳುತ್ತಲೇ ಹೋಯಿತು. ನನಗೆ ಭಯವಾಗಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಮನೆಯಲ್ಲಿ ಅಷ್ಟು ಸಂತೋಷವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಒಂದು ಕಡೆ ನಾನು ಅವಸರದಲ್ಲಿ ಬೇರೆ ಬಿಲ್ಲೆ ಒತ್ತಿದಾಗ ಹಿಂದಿನಿಂದ ಸಣ್ಣ ನಗುವೂ ಕೇಳಿತು. ಹಿತ್ತಿಲಲ್ಲಿ ಕೂತು ನಾನು ದಿನಾ ಕೇಳುತ್ತಿದ್ದ ಅದೇ ನಗು.

ಕೊನೆಗೆ ಎರಡು ಗರುಡ ಉಳಿದವು. ಅವನ್ನೂ ತೆಗೆದೆ. ಪರದೆಯ ಮೇಲೆ ಕೊಳ ಮೂಡಿತು. “ಆಯ್ತು ಅತ್ತೆ” ಎಂದು, ಸೆರಗು ಒತ್ತಿಹಿಡಿದು ನಿಧಾನವಾಗಿ ತಿರುಗಿದೆ. ಹೊಸ್ತಿಲಲ್ಲಿ ಯಾರೂ ಇರಲಿಲ್ಲ. ಅಡಿಗೆಮನೆಗೆ ಹೋಗಿ ನೋಡಿದೆ, ದೇವರ ಮನೆ ನೋಡಿದೆ. ಮುಂಬಾಗಿಲಿನ ಚಿಲಕ ಹಾಕಿದ ಹಾಗೆಯೇ ಇತ್ತು. ಗಡಿಯಾರದಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷ. ಆಗ ಹಿಡಿಯಿತು ನೋಡಿ ಭಯ. ಸಾಯಂಕಾಲದ ತನಕ ಬೀದಿ ಜಗಲಿಯಲ್ಲೇ ಕೂತಿದ್ದೆ. ಅತ್ತೆಗೆ ಏನಾದರೂ ಆಗಿಹೋಯಿತೋ ಎಂದು ಬಂದ ಪ್ರತಿ ಆಟೋವನ್ನೂ ಇಣುಕಿ ನೋಡಿದೆ.

ಅತ್ತೆಗೆ ಏನೂ ಆಗಿರಲಿಲ್ಲ. ನಾಲ್ಕು ಗಂಟೆಗೆ ಒಂದು ಕಣ್ಣಿಗೆ ಕಟ್ಟು ಹಾಕಿಸಿಕೊಂಡು ಬಂದು, “ಏನಮ್ಮಾ, ಕಾಫಿ ಇದ್ಯಾ?” ಎಂದರು. ಅವರನ್ನು ಮಲಗಿಸಿ ಪದ್ಮಜಾ ಅಡಿಗೆಮನೆಗೆ ಬಂದಳು. ಮುಖ ಸಪ್ಪಗಿತ್ತು.

“ಅಕ್ಕಾ, ಆಪರೇಷನ್ ಮುಗ್ದ್ಮೇಲೆ ಅಮ್ಮ ಮಂಪರಲ್ಲಿ ಮಲ್ಗಿದ್ರು. ಹನ್ನೊಂದೂವರೆ ಇರ್ಬೇಕು. ಕಣ್ಣು ಮುಚ್ಕೊಂಡೇ ಆಟ ಆಡಕ್ಕೆ ಶುರು ಮಾಡಿದ್ರು. ನುಗ್ಗೇಕಾಯಿ ಮೂರು ಅಂದ್ರು, ಕಡಗೋಲು ಅಂದ್ರು, ಕೊನೇಲಿ ಗರುಡ ಅಂದು ಸುಮ್ನಾದ್ರು. ಕೈ ಹಿಡ್ಕೊಂಡು ಪಕ್ದಲ್ಲಿ ಕೂತಿದ್ದವ್ಳು ನಾನು. ಕರ್ದಿದ್ದು ನಿಮ್ ಹೆಸ್ರು. ಹೊಟ್ಟೆ ಉರಿದುಹೋಯ್ತು ಅಕ್ಕಾ, ನಿಜಮಾ.” ಅವಳ ಕಣ್ಣು ತುಂಬಿತ್ತು. ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಕೇಳಿದಳು, “ಮೊದ್ಲು ‘ಕಿತ್ತು ಹಾಕಿದ್ದು ಸಾಕು’ ಅಂದ್ರು. ನೀವು ಏನ್ ಕಿತ್ತು ಹಾಕಿದ್ರಿ?”

ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟೆ. ಹಿತ್ತಿಲಲ್ಲಿ ಕಳೆ ಕಿತ್ತೆ ಎಂದು ಸುಳ್ಳು ಹೇಳಿದೆ. ಆಗ ಅವಳೇ ಇನ್ನೊಂದು ಮಾತು ಹೇಳಿದಳು. ಆರು ತಿಂಗಳಿಂದ ಅತ್ತೆಗೆ ಆ ಬಿಲ್ಲೆಗಳು ಸರಿಯಾಗಿ ಕಾಣುತ್ತಲೇ ಇರಲಿಲ್ಲವಂತೆ. ಅಂದಾಜಿನ ಮೇಲೆ ಏನೋ ಒಂದು ಹೇಳುತ್ತಿದ್ದರಂತೆ. ಇವಳು ಸರಿಯಾದ್ದನ್ನು ತಾನೇ ಹುಡುಕಿ ಒತ್ತಿ, “ಸರಿ ಅಮ್ಮಾ” ಎನ್ನುತ್ತಿದ್ದಳಂತೆ. ನಾನು ಅಸೂಯೆ ಪಟ್ಟ ಆಟದಲ್ಲಿ ಅರ್ಧ ಹೀಗೆ ನಡೆದದ್ದು ಎಂದು ತಿಳಿದಾಗ ನನಗೆ ತಲೆಯೆತ್ತಿ ನಿಲ್ಲಲು ಆಗಲಿಲ್ಲ.

ಮರುದಿನ ಅವಳು ಆಟ ತೆರೆದಳು. ಅವರ ತೋಟದ ಜಾಗದಲ್ಲಿ ನನ್ನ ಹೆಸರು, ಒಂದು ಕೊಳ. ತಿರುಗಿ ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಮಲಗಿದ್ದ ಅತ್ತೆಗೆ ಕೇಳುವಂತೆ, “ಅಮ್ಮಾ, ಕಂಪ್ಯೂಟರ್ ಏನೋ ಕೆಟ್ಟು ಎಲ್ಲಾ ಹೋಗ್ಬಿಟ್ಟಿದೆ. ಇನ್ಮೇಲೆ ಅಕ್ಕ ಆಡಿಸ್ಲಿ” ಎಂದು ಎದ್ದುಹೋದಳು.

ಕಣ್ಣಿನ ಕಟ್ಟು ಬಿಚ್ಚಿದ ಮೇಲೆ ಅತ್ತೆ ಮತ್ತೆ ಹೊಸ್ತಿಲಲ್ಲಿ ನಿಂತರು, ಕುರ್ಚಿಯಲ್ಲಿ ನಾನು ಕೂತೆ. ಈಗ ಅವರಿಗೆ ಎಲ್ಲ ನಿಚ್ಚಳವಾಗಿ ಕಾಣುತ್ತಿತ್ತು. ಒಂದೊಂದು ಸಲ, “ಪದ್ದು ಆದ್ರೆ ಬೇಗ ಒತ್ತುತ್ತಾಳೆ” ಎನ್ನುತ್ತಿದ್ದರು. ಈಗ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದವಳು ಪದ್ಮಜಾ. ಆದರೂ ನನ್ನ ಹೊಟ್ಟೆಕಿಚ್ಚು ಪೂರ್ತಿ ಆರಿತೆಂದು ಹೇಳಿದರೆ ಅದೂ ಸುಳ್ಳೇ ಆಗುತ್ತದೆ.

ಯಜಮಾನರಿಗೆ ಹೇಳಿದಾಗ, ನಿನ್ನ ಮನಸ್ಸಿನ ಭ್ರಮೆ ಎಂದರು. ಭ್ರಮೆಯೇ ಇರಲಿ, ಆ ಭ್ರಮೆ ಪೋರೂರಿನಲ್ಲಿ ಪದ್ಮಜಾಳ ಕಿವಿಗೂ ಬಿದ್ದದ್ದು ಹೇಗೆ? ಪ್ರತಿ ಆಟದಲ್ಲೂ ಬಿಲ್ಲೆಗಳು ಬೇರೆಬೇರೆ ಜಾಗದಲ್ಲಿ ಬರುತ್ತವೆ. ಮುಂದಿನ ಆಟ ಹೇಗೆ ಬರುತ್ತದೆಂದು ಯಾರೂ ಬಾಯಿಪಾಠ ಮಾಡಿಟ್ಟುಕೊಳ್ಳಲು ಆಗುವುದಿಲ್ಲ. ಎಷ್ಟೋ ವರ್ಷ ಯೋಚಿಸಿದೆ, ನನಗಂತೂ ಬಗೆಹರಿದಿಲ್ಲ.

ಅತ್ತೆ ಹೋಗುವುದಕ್ಕೆ ಒಂದು ವರ್ಷ ಮುಂಚೆ, ಹೂಬತ್ತಿ ಹೊಸೆಯುತ್ತ ಕೂತಿದ್ದಾಗ ತಡೆಯಲಾರದೆ ಕೇಳಿಯೇಬಿಟ್ಟೆ. ಆಸ್ಪತ್ರೆಯಲ್ಲಿ ಅವತ್ತು ನನ್ನನ್ನು ಕರೆದಿರಾ, ನೆನಪಿದೆಯಾ ಎಂದು. ಅವರು ಕೈ ನಿಲ್ಲಿಸಲಿಲ್ಲ.

“ನಿನ್ನ ಯಾಕಮ್ಮಾ ಕರೀಬೇಕು?” ಎಂದರು. “ನೀನು ಇದ್ದೇ ಇರ್ತೀಯಲ್ಲ.”

ಆ ಮಾತನ್ನು ಇಷ್ಟು ವರ್ಷದಿಂದ ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ. ಕೆಲವು ದಿನ, ಪದ್ಮಜಾಗೂ ಸಿಗದ್ದು ನನಗೆ ಸಿಕ್ಕಿತು ಎನಿಸುತ್ತದೆ. ಕೆಲವು ದಿನ ಮತ್ತೆ ಹೊಟ್ಟೆ ಉರಿಯುತ್ತದೆ.