ಕನ್ನಡಕ ತೆಗೆದು ಕೇಳುತ್ತಿದ್ದ ಅಣ್ಣ

ಪ್ರಶ್ನೆ ಕೇಳುವ ಮೊದಲು ಅಣ್ಣ ಕನ್ನಡಕ ತೆಗೆಯುತ್ತಿದ್ದ. ಮೂಗಿನ ಎರಡೂ ಬದಿಯಲ್ಲಿ ಹುಣಸೆಬೀಜದಷ್ಟು ದೊಡ್ಡ ಕೆಂಪು ಗುರುತು. "ಈಗ ನಿನ್ನ ಮುಖ ನಂಗೆ ಸರಿ ಕಾಣುವುದಿಲ್ಲ. ನಾಚಿಕೆ ಬೇಡ, ಹೇಳು" ಎನ್ನುತ್ತಿದ್ದ. ಅಷ್ಟು ಅನುಕೂಲ ಮಾಡಿಕೊಟ್ಟವನ ಎದುರು ನಾನು ಒಂದೇ ಒಂದು ನಿಜ ಹೇಳಬೇಕಿತ್ತು. ಹೇಳಲಿಲ್ಲ.

ಅವನು ಮಂಗಳೂರಿನಲ್ಲಿ ಲಾ ಓದಿದವನು. ನಾನು ಏಳನೇ ಕ್ಲಾಸಿಗೆ ಬಿಟ್ಟವನು. ಊರಿನ ಕೋರ್ಟಿನಲ್ಲಿ ಕಕ್ಷಿದಾರರು ಸಿಗದೆ, ಅಣ್ಣ ಎಂಬತ್ತರ ದಶಕದ ಶುರುವಿನಲ್ಲಿ ಮಸ್ಕತ್ತಿಗೆ ಬಂದು ಒಂದು ವಕೀಲರ ಆಫೀಸಿನಲ್ಲಿ ಟೈಪಿಸ್ಟ್ ಆದ. ಆಮೇಲೆ ಅದೇ ಊರಿನ ವಾದಿ ಅದಾಯ್ ಎಂಬ ಜಾಗದ ಒಂದು ತಗಡಿನ ವರ್ಕ್‌ಶಾಪಿನಲ್ಲಿ ಕೆಲಸ ಹುಡುಕಿ ನನ್ನನ್ನೂ ಕರೆಸಿಕೊಂಡ. ಒಂದೇ ರೂಮಿನಲ್ಲಿ ನಾವಿಬ್ಬರು, ಜೊತೆಗೆ ನನ್ನ ವರ್ಕ್‌ಶಾಪಿನವನೇ ಆದ ಉಳ್ಳಾಲದ ಒಬ್ಬ ಬ್ಯಾರಿ ಗೆಳೆಯ. ಅವನು ಅಣ್ಣನನ್ನು "ವಕೀಲ್ರೆ" ಎಂದೇ ಕರೆಯುತ್ತಿದ್ದ.

ಆಫೀಸಿನ ಹಳೆ ಕಪಾಟು ಖಾಲಿ ಮಾಡುವಾಗ ಎಸೆದ ರಾಶಿಯಿಂದ ಅಣ್ಣ ಒಂದು ದಪ್ಪ ಪುಸ್ತಕ ತಂದಿದ್ದ. ಬೆನ್ನು ಕಿತ್ತುಹೋದ ಪುಸ್ತಕ. ಹತ್ತೊಂಬತ್ತನೇ ಶತಮಾನದ ಅಮೆರಿಕದ ಒಬ್ಬ ವಕೀಲ ಸಾಕ್ಷ್ಯದ ಕಾನೂನಿನ ಬಗ್ಗೆ ಬರೆದದ್ದು. ಅದರ ಮೊದಲ ಪುಟಗಳಲ್ಲಿ ಅವನ ಜೀವನವೂ ಇತ್ತು. ಶುಕ್ರವಾರ ಮಧ್ಯಾಹ್ನ ಮೀನುಸಾರು ಉಂಡಾದ ಮೇಲೆ ಅಣ್ಣ ಅದನ್ನೇ ಶುರು ಮಾಡುತ್ತಿದ್ದ.

"ಇವ ನಮ್ಮ ಹಾಗೇ ಸಣ್ಣ ಊರಿನವ ಮಾರಾಯ. ಇನ್ನೊಬ್ಬ ವಕೀಲನ ಆಫೀಸಿನಲ್ಲಿ ಕಾಗದ ನಕಲು ಮಾಡಿ ಕಾನೂನು ಕಲಿತದ್ದು. ಕೇಸು ಬರ್ಲಿಲ್ಲ. ಕೂತು ಬರೆದ. ಕೊನೆಗೆ ಜಡ್ಜುಗಳೇ ಇವನ ಪುಸ್ತಕ ತೆರೆದು ನೋಡ್ಲಿಕ್ಕೆ ಶುರು ಮಾಡಿದ್ರು."

"ಹಾಗಾದ್ರೆ ನೀವೂ ಬರೆಯಿರಿ ವಕೀಲ್ರೆ. ಕೇಸು ಬಾರದ್ದು ಹೇಗೂ ನಿಮ್ಗೆ ಉಂಟಲ್ಲ!" ಎಂದು ಗೆಳೆಯ ಬಿದ್ದು ಬಿದ್ದು ನಗುತ್ತಿದ್ದ.

ಅಣ್ಣ ಬರೆಯುತ್ತಲೂ ಇದ್ದ. ಅದೇ ವಿಷಯ, ನಮ್ಮಂಥವರಿಗೆ ತಿಳಿಯುವ ಕನ್ನಡದಲ್ಲಿ. ಒಂದೊಂದು ಪುಟ ಮುಗಿದಾಗಲೂ ನನಗೆ ಓದಿ ಹೇಳುತ್ತಿದ್ದ. ನನಗೆ ಅರ್ಥವಾಗದಿದ್ದರೆ ಹರಿದು ಮತ್ತೆ ಬರೆಯುತ್ತಿದ್ದ. ಸಾಕ್ಷಿ ಹೇಳುವವನು ತಾನು ಕಂಡದ್ದನ್ನು ಮಾತ್ರ ಹೇಳಬೇಕು, ಬೇರೆಯವರಿಂದ ಕೇಳಿದ್ದನ್ನು ಹೇಳಬಾರದು ಎಂಬುದು ಹೀಗೆ ನನ್ನ ತಲೆಗೆ ಹೋಯಿತು. ರೂಮಿನಲ್ಲಿ ಯಾರು ಏನು ಸುದ್ದಿ ತಂದರೂ ಅಣ್ಣ ಕನ್ನಡಕ ತೆಗೆದು "ನೋಡಿದ್ದಾ, ಕೇಳಿದ್ದಾ?" ಎನ್ನುವುದು. ಅಂಗಡಿಯಲ್ಲಿ ಬಂಗುಡೆ ಬಂದಿದೆ ಎಂದರೂ ಅದೇ ಪ್ರಶ್ನೆ.

ಒಂದು ಬೇಸಿಗೆಯಲ್ಲಿ ವರ್ಕ್‌ಶಾಪಿಗೆ ಅರ್ಜೆಂಟ್ ಆರ್ಡರ್ ಬಂತು. ತಗಡು ಕತ್ತರಿಸುವ ಮೆಷಿನ್ನಿನ ಬಾಯಿಗೆ ಕೈ ಹೋಗದಂತೆ ಒಂದು ಜಾಲರಿ ಇತ್ತು. ಅದಿದ್ದರೆ ಕೆಲಸ ನಿಧಾನ. "ಯಲ್ಲಾ, ಯಲ್ಲಾ" ಎಂದು ಅವಸರಪಡಿಸುತ್ತಾ ಫೋರ್‌ಮನ್ನೇ ಸ್ಪ್ಯಾನರ್ ಹಿಡಿದು ಅದನ್ನು ಬಿಚ್ಚಿದ. ಬೋಲ್ಟುಗಳನ್ನು ನನ್ನ ಅಂಗೈಗೆ ಹಾಕಿದ. ಊಟದ ಹೊತ್ತಿನೊಳಗೆ ಗೆಳೆಯನ ಬಲಗೈಯ ಎರಡು ಬೆರಳು ಹೋದವು.

ಜಾಲರಿ ತೆಗೆದದ್ದು ಗೆಳೆಯನೇ, ತಪ್ಪು ಅವನದೇ, ಪರಿಹಾರ ಇಲ್ಲ ಎಂದಿತು ಕಂಪೆನಿ. ಅಣ್ಣ ಅವನ ಪರವಾಗಿ ಲೇಬರ್ ಆಫೀಸಿಗೆ ದೂರು ಬರೆದ. ಅಣ್ಣ ಟೈಪಿಸ್ಟ್ ಆಗಿದ್ದ ಆಫೀಸಿನ ವಕೀಲರೇ ನಮ್ಮ ಕಂಪೆನಿಗೂ ವಕೀಲರು. ತನ್ನ ಕೆಲಸ ಹೋದೀತೆಂದು ಅವನಿಗೆ ಗೊತ್ತಿತ್ತು. "ನೀನು ನೋಡಿದ್ದಿ ಅಲ್ವಾ, ಸಾಕು" ಎಂದ. "ನಾನು ಎಂತದೂ ಹೇಳಿಕೊಡುವುದಿಲ್ಲ. ಕಂಡದ್ದು ಹೇಳು."

ವಿಚಾರಣೆಯ ಹಿಂದಿನ ದಿನ ಮ್ಯಾನೇಜರು ನನ್ನನ್ನು ಕ್ಯಾಬಿನ್ನಿಗೆ ಕರೆದು ಕೂರಿಸಿ ಚಹಾ ತರಿಸಿದ. ನನ್ನ ಪಾಸ್‌ಪೋರ್ಟನ್ನು ಡ್ರಾಯರಿನಿಂದ ತೆಗೆದು ಮೇಜಿನ ಮೇಲಿಟ್ಟ. "ವೀಸಾ ಮುಗಿಯಲಿಕ್ಕೆ ಬಂತು. ಕಫೀಲ್ ಸಹಿ ಹಾಕದಿದ್ದರೆ ಖಲಾಸ್" ಎಂದು ಹಿಂದಿಯಲ್ಲಿ, ಬಹಳ ಮೆತ್ತಗೆ ಹೇಳಿದ. ಕಫೀಲ್ ಎಂದರೆ ನಮ್ಮ ವೀಸಾದ ಯಜಮಾನ. ನಾನು ಚಹಾ ಕುಡಿದೆ.

ಮರುದಿನ ಲೇಬರ್ ಆಫೀಸಿನ ಬೆಂಚಿನಲ್ಲಿ, ಬ್ಯಾಂಡೇಜಿನ ಕೈಯನ್ನು ಎದೆಗೊತ್ತಿಕೊಂಡು ಗೆಳೆಯ. ಅವನ ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಅಣ್ಣ. ಜಾಲರಿ ತೆಗೆದದ್ದು ಯಾರು, ನೀನು ನೋಡಿದೆಯಾ ಎಂದು ಅಧಿಕಾರಿ ಅರಬಿಯಲ್ಲಿ ಕೇಳಿದ್ದನ್ನು ದುಭಾಷಿ ಹಿಂದಿಗೆ ತಂದ: "ಜಾಲೀ ಕಿಸ್ನೇ ನಿಕಾಲೀ? ತುಮ್ನೇ ದೇಖಾ?"

ನಾನು ಹೇಳಿದೆ: "ದೇಖಾ ನಹೀ ಸಾಬ್. ಸಿರ್ಫ್ ಸುನಾ."

ನೋಡಿಲ್ಲ, ಕೇಳಿದ್ದು ಮಾತ್ರ. ಗೊತ್ತಿಲ್ಲ ಎಂದಿದ್ದರೆ ಅವರು ಇನ್ನೊಂದು ಪ್ರಶ್ನೆ ಕೇಳುತ್ತಿದ್ದರೇನೋ. ಹೀಗೆಂದರೆ ಮುಂದೆ ಕೇಳಲು ಏನೂ ಉಳಿಯುವುದಿಲ್ಲ ಎಂಬುದು ನನಗೆ ಅಣ್ಣನಿಂದಲೇ ಗೊತ್ತಿತ್ತು. ಅವನ ಕಡೆ ನೋಡಿದೆ. ಅವನು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದ.

ಗೆಳೆಯನನ್ನು ಊರಿಗೆ ಕಳಿಸಿದರು. ಸುಳ್ಳು ಸಾಕ್ಷಿ ಹೇಳಿಸಲು ನೋಡಿದ್ದ ಎಂಬ ಆರೋಪ ಹೊರಿಸಿ ಅಣ್ಣನ ವೀಸಾವನ್ನೂ ಕ್ಯಾನ್ಸಲ್ ಮಾಡಿದರು. ನನ್ನ ವೀಸಾಕ್ಕೆ ಸಹಿ ಬಿತ್ತು.

ಸೀಬ್ ಏರ್‌ಪೋರ್ಟಿಗೆ ನಾನೇ ಬಿಡಲು ಹೋದೆ. ದಾರಿಯುದ್ದಕ್ಕೂ ಅವನು ಅಲ್ ಅಜೈಬಾದ ಹೊಸ ಕಟ್ಟಡಗಳನ್ನು ನೋಡುತ್ತಾ ಕುಳಿತಿದ್ದ. ಬ್ಯಾಗು ಕೈಗೆ ತೆಗೆದುಕೊಳ್ಳುವಾಗ ಹೇಳಿದ: "ನೀನು ಹೆದರಿದ್ದು ನಂಗೆ ಗೊತ್ತುಂಟು. ಅದಕ್ಕೆ ಬೇಜಾರಿಲ್ಲ. ಆದ್ರೆ ನಾನು ಕಲಿಸಿದ್ದರಲ್ಲೇ ನನ್ನನ್ನು ಕೊಯ್ದೆ ಅಲ್ವಾ, ಸಣ್ಣಾ."

ಊರಲ್ಲಿ ಅವನು ಪುಸ್ತಕ ಮುಗಿಸಿದ. ಉಡುಪಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚಾಯಿತು. ರಜೆಯಲ್ಲಿ ಬಂದಾಗ ಪುಸ್ತಕ ಇಡೀ ಹುಡುಕಿದೆ. ಸಾಕ್ಷಿಯ ಬಗ್ಗೆ ನನಗೆ ಓದಿ ಹೇಳಿದ್ದ ಅಧ್ಯಾಯ ಅದರಲ್ಲಿ ಇರಲಿಲ್ಲ. ಯಾಕೆಂದು ಕೇಳುವ ಧೈರ್ಯ ನನಗೆ ಇರಲಿಲ್ಲ. ಅಂಗಳದಲ್ಲಿ ಅಣ್ಣನ ಸಲಹೆ ಕೇಳಲು ಹಕ್ಕುಪತ್ರ, ನೋಟೀಸು ಹಿಡಿದ ಜನ ಕೂತಿರುತ್ತಿದ್ದರು. ಅವರ ಜೊತೆ ನಗುತ್ತಲೇ ಮಾತಾಡುತ್ತಿದ್ದ. ನನ್ನ ಜೊತೆಗೂ ಮಾತಾಡುತ್ತಿದ್ದ, ಊಟ ಆಯಿತಾ ಎಂದು, ಫ್ಲೈಟು ಯಾವಾಗ ಎಂದು. ನನ್ನನ್ನು ಏನಾದರೂ ಕೇಳಲು ಕನ್ನಡಕ ತೆಗೆದದ್ದು ಮಾತ್ರ ಮತ್ತೆಂದೂ ಇಲ್ಲ.

ತೊಂಬತ್ತರ ದಶಕದ ನಡುವೆ ಅಣ್ಣ ಎದೆನೋವಿನಿಂದ ಹೋದ. ಮುಂಬಯಿ ಸುತ್ತಿ ನಾನು ಮುಟ್ಟುವಾಗ ಸುಟ್ಟಾಗಿತ್ತು. ಉತ್ತರಕ್ರಿಯೆಗೆ, ನಮ್ಮ ಕಡೆ ಬೊಜ್ಜ ಎನ್ನುತ್ತಾರೆ, ಉಳ್ಳಾಲದ ಗೆಳೆಯ ಬಂದ. ಅಣ್ಣನ ಫೋಟೋದ ಮುಂದೆ ನಿಂತು, ಮೂರು ಬೆರಳಿನ ಕೈಯಿಂದ ಕಣ್ಣು ಒರೆಸಿಕೊಂಡ. "ವಕೀಲ್ರು ನನ್ನಿಂದಾಗಿ ಕೆಲಸ ಕಳಕೊಂಡ್ರು" ಎಂದು ನೆಂಟರಿಗೆ ಹೇಳತೊಡಗಿದ.

ಚಪ್ಪರದ ತುಂಬ ಜನ ಇದ್ದರು. ನಾನು ಎದ್ದು ಫೋಟೋದ ಎದುರು ನಿಂತೆ.

"ಅವನಿಂದಾಗಿ ಅಲ್ಲ. ಜಾಲರಿ ಬಿಚ್ಚಿದ್ದು ಫೋರ್‌ಮನ್. ಬೋಲ್ಟು ನನ್ನ ಕೈಯಲ್ಲೇ ಇತ್ತು. ಕೇಳಿದ್ದಲ್ಲ ಅಣ್ಣ, ನೋಡಿದ್ದು. ನಾನು ಸುಳ್ಳು ಹೇಳಿದೆ. ತಪ್ಪಾಯ್ತು ಅಣ್ಣ, ನನ್ನನ್ನು ಕ್ಷಮಿಸು."