ಅಮಾವಾಸ್ಯೆ ಮುಗಿಯಲೆಂದು

ಗಿರಿಜಾ, ಅವತ್ತು ನಿನಗೆ ಹೋದದ್ದು ಹೆರಿಗೆಯ ನೀರೇ ಎಂದು ನನಗೆ ಗೊತ್ತಿತ್ತು. ಅದು ಹಸಿರಾಗಿತ್ತೆಂದೂ ಗೊತ್ತಿತ್ತು. ಹೆತ್ತ ಮಗಳಿಗೆ ನಾನು ಸುಳ್ಳು ಹೇಳಿದೆ.

ಚೊಚ್ಚಲ ಹೆರಿಗೆಗೆಂದು ನೀನು ಅಮ್ಮಿನಬಾವಿಗೆ, ತವರಿಗೆ ಬಂದಿದ್ದೆ. ಬೆಳಿಗ್ಗೆ ಕತ್ತಲೆ ಕೋಣೆಯಲ್ಲಿ ಏಳುತ್ತಲೇ ಬಟ್ಟೆ ಒದ್ದೆಯಾಯಿತೆಂದು ಗಾಬರಿಯಿಂದ ಕರೆದೆ. ಆ ಬಟ್ಟೆಯನ್ನು ನಾನು ಹಿತ್ತಲಿಗೆ ಒಯ್ದು ಬೆಳಕಿನಲ್ಲಿ ನೋಡಿದೆ, ತೊಳೆದು ಹಾಕಿದೆ. ಒಳಗೆ ಬಂದು, "ಏನಿಲ್ಲವಾ, ಒಂದಕ್ಕ ಹೋಗಿರಬೇಕು. ಸುಮ್ನ ಮಲ್ಕೋ" ಎಂದೆ.

ಅಂಗನವಾಡಿಯಲ್ಲಿ ಕೂತು ಊರ ಬಸುರಿಯರಿಗೆಲ್ಲ ಹೇಳಿಕೊಟ್ಟವಳು ನಾನೇ — ನೀರು ಹಸಿರು ಕಂಡರೆ ಕೂಸು ಹೊಟ್ಟೆಯಲ್ಲೇ ಮಲ ಮಾಡಿದೆ, ಅದನ್ನು ಉಸಿರಿಗೆ ಎಳೆದುಕೊಂಡೀತು, ಇದ್ದ ಹಾಗೇ ಆಸ್ಪತ್ರೆಗೆ ಹೋಗಿರಿ ಎಂದು. ಆದರೆ ಅವತ್ತು ಅಮಾವಾಸ್ಯೆ. ಮಧ್ಯಾಹ್ನ ದಾಟಿದರೆ ಮುಗಿಯುತ್ತಿತ್ತು. ಅಮಾವಾಸ್ಯೆಯ ಕೂಸೆಂದು ಬೀಗರು ಆಡಿಕೊಂಡಾರು ಎಂದು — ಅಲ್ಲ, ಬೀಗರ ಮೇಲೆ ಯಾಕೆ ಹಾಕಲಿ, ನನಗೇ ಹೆದರಿಕೆ ಇತ್ತು.

ಮಧ್ಯಾಹ್ನ ದಾಟುವವರೆಗೂ ನಿನ್ನನ್ನು ಮನೆಯಲ್ಲೇ ಇಟ್ಟುಕೊಂಡೆ. ಆಮೇಲೆ ಧಾರವಾಡದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು: "ನೀರು ಯಾವಾಗ ಹೋತ್ರಿ?"

"ಈಗ, ಹಾದ್ಯಾಗರಿ. ಬೆಳ್ಳಗ ಇತ್ರಿ," ಎಂದೆ.

ಪರೀಕ್ಷೆ ಮಾಡಿದಾಗ ಅವರಿಗೇ ಕಂಡಿತು. ಅವಸರದಿಂದ ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ನಿನ್ನ ಮಗ ಚಿನ್ನು ಅಳಲಿಲ್ಲ. ಮೈಗೆಲ್ಲ ಹಸಿರು ಮೆತ್ತಿಕೊಂಡು, ತುಟಿ ನೀಲಿಗಟ್ಟಿ... ಉಸಿರಾಟದ ಮಷೀನಿಗೆ ಹಾಕಿದರು. ಶ್ವಾಸಕೋಶ ಹೇಗೋ ಸುಧಾರಿಸಿತು. ಗಾಳಿ ಸಾಲದೆ ಮಿದುಳಿಗೆ ಬಿದ್ದ ಪೆಟ್ಟು ಸುಧಾರಿಸಲಿಲ್ಲ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಅವನಿಗೆ ಇನ್ನೂ ಕತ್ತು ನಿಲ್ಲುವುದಿಲ್ಲ, ಮೂರ್ಛೆ ಬರುತ್ತದೆ.

"ನೀರು ಹೋದದ್ದೂ ಆಕೀಗೆ ತಿಳೀಲಿಲ್ಲ" ಎಂದು ನಿನ್ನ ಅತ್ತೆ ಅಂದಾಗಲೆಲ್ಲ ನೀನು ತಲೆ ತಗ್ಗಿಸಿದೆ. ನಾನು ಪಕ್ಕದಲ್ಲೇ ಕೂತು ಚಹಾ ಕುಡಿದೆ. ಸಮಾಧಾನ ಮಾಡಿಕೋ ಎಂದು ನಿನ್ನ ಬೆನ್ನೂ ಸವರಿದೆ. ಇದನ್ನು ಒಳಗಿಟ್ಟುಕೊಂಡು ನನಗೆ ಸಾಕಾಗಿದೆ ಗಿರಿಜಾ — ಆದರೆ ದಿನಾ ಚಿನ್ನುವನ್ನು ಎತ್ತಿಕೊಂಡು ತಿರುಗುವವಳು ನೀನು. ನನ್ನ ದಣಿವಿನ ಮಾತು ಆಡಲಿಕ್ಕೂ ನಾಚಿಕೆಯಾಗುತ್ತದೆ.

ಈಗ ನೀನು ಮತ್ತೆ ಬಸುರಿ. ನಿನ್ನೆ ಫೋನಿನಲ್ಲಿ ಅಂದೆ: "ಈ ಸಲಾನೂ ನೀನ ಜೋಡಿ ಇರಬೇಕವ್ವಾ. ನನಗ ಏನೂ ತಿಳಿಯಂಗಿಲ್ಲ."

ನಿನಗೆ ತಿಳಿದಿತ್ತು, ಮಗಳೇ. ಹೊತ್ತಿಗೆ ಸರಿಯಾಗಿ ನನ್ನನ್ನು ಕರೆದಿದ್ದೆ. ನಾಳೆ ಉಣಕಲ್ಲಿಗೆ, ನಿನ್ನ ಮನೆಗೆ ಬಂದು ನಿನ್ನ ಅತ್ತೆಯ ಮುಂದೆಯೇ ಇದನ್ನು ಹೇಳುತ್ತೇನೆ. ಆಮೇಲೆ ಹೆರಿಗೆಗೆ ಯಾರನ್ನು ಜೊತೆಗೆ ಕರೆಯಬೇಕೆಂದು ನೀನೇ ನೋಡು.